ಆ ಕಪ್ ಫೋಟೋದಲ್ಲಿ ನಾನು ಯಾಕಿಲ್ಲ ಅಂದರೆ

ಇಲ್ಲಿ ದುಬೈನಲ್ಲಿ ನಮ್ಮ ಫುಟ್ಬಾಲ್ ಕ್ಲಬ್ ನಿನ್ನೆ ಕಪ್ ಗೆದ್ದಿತು, ಬೆಳಿಗ್ಗೆಯಿಂದ ಎಲ್ಲರೂ ಕಂಗ್ರಾಟ್ಸ್ ಹೇಳುತ್ತಿದ್ದೀರಿ. ಫೋಟೋದಲ್ಲಿ ನೀನ್ಯಾಕಿಲ್ಲ ಅಂತ ಮೂರು ಜನ ಕೇಳಿದರು. ಇಲ್ಲೇ ಹೇಳಿಬಿಡುತ್ತೇನೆ. ನಿಲ್ಲೋಕೆ ಮನಸ್ಸು ಬರಲಿಲ್ಲ.

ನಿನ್ನೆ ಫೈನಲ್ ಆಡಿದ ಏಳು ಜನರಲ್ಲಿ ಮೂವರು ನಮ್ಮ ಕ್ಲಬ್ಬಿನವರೇ ಅಲ್ಲ. ಗೆಸ್ಟ್ ಪ್ಲೇಯರ್‌ಗಳು. ಒಂದು ರಾತ್ರಿಗೆ ದುಡ್ಡು ಕೊಟ್ಟು ಕರೆಸಿದವರು. ಚೆನ್ನಾಗಿ ಆಡಿದರು, ಅವರ ಮೇಲೆ ನನಗೆ ಒಂದಿಷ್ಟೂ ಕೋಪ ಇಲ್ಲ. ಆದರೆ ಅವರು ಆಡುತ್ತಿದ್ದಾಗ ನಮ್ಮ ಸ್ಟಾಪರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವವನು, ಬೆಂಚಿನಲ್ಲಿದ್ದ. ಶಿನ್ ಗಾರ್ಡ್ ಕಟ್ಟಿ, ಸಾಕ್ಸ್ ಮೇಲೆ ಬಿಳಿ ಟೇಪ್ ಸುತ್ತಿಕೊಂಡು, ಮೊದಲ ನಿಮಿಷದಿಂದ ಕೊನೇ ವಿಸಿಲ್‌ವರೆಗೂ ಹಾಗೇ ಕೂತಿದ್ದ.

ಈ ಹುಡುಗ ಬಂಟ್ವಾಳದ ಕಡೆಯವನು. ಎಸಿ ಮೇಂಟೆನೆನ್ಸ್ ಕೆಲಸ, ಇಲ್ಲಿನ ಸೋನಾಪುರದ ಲೇಬರ್ ಕ್ಯಾಂಪಿನಲ್ಲಿ ವಾಸ. ದುಬೈ ಬೇಸಿಗೆ ಹೇಗಿರುತ್ತೆ ಅಂತ ಊರಲ್ಲಿರುವವರಿಗೆ ಹೇಳುವುದು ಕಷ್ಟ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಅಂತ ಸರ್ಕಾರವೇ ನಿಯಮ ಮಾಡಿದೆ, ಅಷ್ಟು ಬಿಸಿಲು. ಮಿಕ್ಕ ಹೊತ್ತೆಲ್ಲ ತಾರಸಿ ಮೇಲೆ ದುಡಿದು ರಾತ್ರಿ 10ಕ್ಕೆ ಪ್ರಾಕ್ಟೀಸಿಗೆ ಬರುತ್ತಿದ್ದ. ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನದ ಬಾಡಿಗೆಯ ಪಾಲು ಮೊದಲು ಕೊಡುತ್ತಿದ್ದವನೂ ಅವನೇ. 2022ರಲ್ಲಿ ಇಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾಯಿತು, ಆಫೀಸಿನಲ್ಲಿರುವ ನಮಗೆ ಎರಡು ದಿನ ಸಿಗುತ್ತೆ. ಅವನಿಗೆ ಇರುವುದು ಒಂದೇ. ಈ ಶನಿವಾರಕ್ಕಾಗಿ ಜೊತೆಯವನ ಹತ್ತಿರ ಡ್ಯೂಟಿ ಬದಲಿಸಿಕೊಂಡು ಬಂದಿದ್ದ.

ಆಡಿಸಬಹುದಿತ್ತು, ಅಲ್ವಾ? ಇದು ಸೆವೆನ್ಸ್, ತಂಡಕ್ಕೆ ಏಳೇ ಜನ ಆಡುವ ಫುಟ್ಬಾಲ್. ರೋಲಿಂಗ್ ಸಬ್ ಇದೆ. ಹೊರಗೆ ಹೋದವನು ಮತ್ತೆ ಒಳಗೆ ಬರಬಹುದು. ನಾವು 3-0 ಮುಂದಿದ್ದೆವು! ಇನ್ನೂ ಐದು ನಿಮಿಷ ಆಟ ಬಾಕಿ ಇತ್ತು. ಅವನು ಎದ್ದು ಲೈನ್ ಪಕ್ಕ ಎರಡು ಸಲ ಓಡಾಡಿದ, ಕೋಚ್ ಕಡೆ ನೋಡಿದ, ಮತ್ತೆ ಬಂದು ಕೂತ. ಅದನ್ನು ನೋಡಿದ ಮೇಲೆ ಆ ಕಪ್ ನನಗೆ ಬೇಡ ಅನ್ನಿಸಿತು.

ಕಪ್ ಬಂದರೆ ತಾನೇ ಸ್ಪಾನ್ಸರ್ ಬರೋದು, ಸ್ಪಾನ್ಸರ್ ಇಲ್ಲದಿದ್ದರೆ ಜರ್ಸಿ ಎಲ್ಲಿಂದ ಅಂತ ಕಮಿಟಿಯವರು ಹೇಳುತ್ತಾರೆ. ಕೇರಳದ ಮಲಪ್ಪುರಂನ ಸೆವೆನ್ಸ್‌ಗೆ ಆಫ್ರಿಕಾದಿಂದಲೇ ಆಟಗಾರರನ್ನು ಕರೆಸುತ್ತಾರೆ, ನಾವು ಮಾಡಿದರೆ ತಪ್ಪಾ ಅಂತಲೂ ಕೇಳಿದರು. ಅಲ್ಲಿ ಜನ ಟಿಕೆಟ್ ತಗೊಂಡು ಗ್ಯಾಲರಿ ತುಂಬುತ್ತಾರೆ, ಅವರಿಗೆ ಒಳ್ಳೆ ಆಟ ತೋರಿಸಬೇಕು. ನಮ್ಮ ಮ್ಯಾಚ್‌ಗೆ ಬರುವವರು ನಮ್ಮ ಹೆಂಡತಿ ಮಕ್ಕಳು, ರೂಮ್‌ಮೇಟ್‌ಗಳು. ಅವರು ನೋಡೋಕೆ ಬರುವುದೇ ನಮ್ಮವರನ್ನ. ಇನ್ನು ಜರ್ಸಿ. ಹಳೇ ಜರ್ಸಿಯಲ್ಲೇ ಆಡೋಣ, ಏನಾಗುತ್ತೆ?

1899ರಲ್ಲಿ ಬಾರ್ಸಿಲೋನಾ ಕ್ಲಬ್ ಶುರುವಾಗಿದ್ದೂ ಪರದೇಶದಿಂದ ಬಂದ ಒಬ್ಬನಿಂದಲೇ. ಹಾನ್ಸ್ ಗ್ಯಾಂಪರ್, ಸ್ವಿಟ್ಜರ್ಲೆಂಡಿನವನು. ಫುಟ್ಬಾಲ್ ಆಡುವ ಆಸೆ ಇರುವವರು ಬನ್ನಿ ಅಂತ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟ. ಬಂದವರಲ್ಲಿ ಸ್ವಿಸ್ ಇದ್ದರು, ಇಂಗ್ಲಿಷರಿದ್ದರು, ಅಲ್ಲಿನವರೂ ಇದ್ದರು. ನಮ್ಮ ಕ್ಲಬ್ಬೂ ಹಾಗೇ ಶುರುವಾಗಿದ್ದು. ಒಂದು ವಾಟ್ಸಾಪ್ ಗ್ರೂಪ್, "ಆಡೋಕೆ ಯಾರ್ ಬರ್ತೀರಾ" ಅನ್ನೋ ಒಂದು ಮೆಸೇಜ್. ಹಲಸೂರಿನಿಂದ ಬಂದು ಇಲ್ಲಿ ಯಾರೂ ಗೊತ್ತಿಲ್ಲದೆ ಇದ್ದ ನನಗೆ ಆ ಮೆಸೇಜಿನಿಂದಲೇ ಜನ ಸಿಕ್ಕಿದ್ದು.

ಒಂದು ವಿಷಯ ಮುಚ್ಚಿಡಬಾರದು. ಗೆಸ್ಟ್ ಬೇಕಾ ಬೇಡವಾ ಅಂತ ಮೀಟಿಂಗ್‌ನಲ್ಲಿ ಕೇಳಿದಾಗ ನಾನೂ ಬೇಕು ಅಂತ ಕೈ ಎತ್ತಿದ್ದೆ. ಎರಡು ವರ್ಷ ಸೆಮಿಫೈನಲ್‌ನಲ್ಲಿ ಸೋತಿದ್ದೆವು, ಒಮ್ಮೆ ಗೆಲ್ಲೋಣ ಅನ್ನೋ ಆಸೆ. ಬೆಂಚಿಗೆ ಹೋಗೋದು ಯಾರು ಅಂತ ಆಗ ಯೋಚನೆ ಮಾಡಲಿಲ್ಲ. ನನ್ನ ತಪ್ಪು. ಮುಂದಿನ ಮೀಟಿಂಗ್‌ನಲ್ಲಿ ಬೇಡ ಅಂತ ಹೇಳುತ್ತೇನೆ, ಒಬ್ಬನೇ ಆದರೂ ಸರಿ.

ರಾತ್ರಿ ಅವನನ್ನು ಕ್ಯಾಂಪಿಗೆ ಬಿಟ್ಟು ಬಂದೆ. ಟರ್ಫ್‌ನಲ್ಲಿ ಆಡಿದರೆ ಶೂ ತುಂಬ ಕಪ್ಪು ರಬ್ಬರ್ ಪುಡಿ ಸೇರಿಕೊಳ್ಳುತ್ತೆ, ನನ್ನ ಕಾರಿನ ಮ್ಯಾಟ್ ಪೂರ್ತಿ ಅದೇ. ಅದಕ್ಕೆ ಅವನು ಯಾವಾಗಲೂ ಹತ್ತುವ ಮುಂಚೆ ಶೂ ಬಿಚ್ಚಿ ತಟ್ಟುತ್ತಾನೆ. ನಿನ್ನೆಯೂ ತಟ್ಟಿದ. ಏನೂ ಬೀಳಲಿಲ್ಲ.

"ಪರವಾಗಿಲ್ಲ ಅಣ್ಣ, ಕಪ್ ಬಂತಲ್ಲ" ಅಂದ.