ಕದ್ದವರಿಗೆ ಮೈಸೂರು ಪೇಟ

ನಮ್ಮ ಮೈಸೂರಿನಲ್ಲಿ ಈಚೆಗೆ ಹೊಸದೊಂದು ಅಭಿಮಾನಿ ವರ್ಗ ತಲೆಯೆತ್ತಿದೆ. ಹಳೆಯ ಭಾರತೀಯ ಚಿತ್ರಗೀತೆಯ ನಾಲ್ಕು ಸೆಕೆಂಡಿನ ಚೂರೊಂದು ಅಮೆರಿಕದ ಯಾವುದೋ ಹಿಪ್‌ಹಾಪ್ ಹಾಡಿನಲ್ಲಿ ಸ್ಯಾಂಪಲ್ ಆಗಿ, ಅಂದರೆ ಮೂಲ ಧ್ವನಿಮುದ್ರಣದಿಂದಲೇ ಕತ್ತರಿಸಿ ಅಂಟಿಸಿದ ತುಣುಕಾಗಿ, ಕುಳಿತಿರುವುದನ್ನು ಪತ್ತೆಹಚ್ಚಿ, ಆ ಶುಭವಾರ್ತೆಯನ್ನು ಸರಸ್ವತಿಪುರಂನಿಂದ ಮಾನಸಗಂಗೋತ್ರಿಯವರೆಗೆ ಸಾರುವುದೇ ಇವರ ಕಾಯಕ. ಸಾರುವುದು ದೂರು ಕೊಡಲಿಕ್ಕಲ್ಲ, ಬೀಗಲಿಕ್ಕೆ. ಮನೆಯ ತಂಬಿಗೆ ಕಳುವಾದರೆ ಪೊಲೀಸ್ ಠಾಣೆಗೆ ಓಡುವ ನಾವು ಹಾಡು ಕಳುವಾದರೆ ಸಿಹಿ ಹಂಚುತ್ತೇವೆ. ಕದ್ದವರು ಸಮುದ್ರದಾಚೆಯವರಾಗಿರಬೇಕು ಎಂಬುದೊಂದೇ ಷರತ್ತು. ಅದೇ ಚೂರನ್ನು ಗಾಂಧಿನಗರದವರು ಎತ್ತಿದ್ದರೆ, ಸ್ವಂತಿಕೆ ಸತ್ತಿತೆಂದು ಇದೇ ಜನ ಶ್ರದ್ಧಾಂಜಲಿ ಸಭೆ ಕರೆಯುತ್ತಿದ್ದರು.

2002ರಲ್ಲಿ ಟ್ರೂತ್ ಹರ್ಟ್ಸ್ ಎಂಬ ಗಾಯಕಿಯ ‘ಅಡಿಕ್ಟಿವ್’ ಅಮೆರಿಕದಲ್ಲಿ ಜನಪ್ರಿಯವಾದಾಗ, ಅದರ ಹಿಂದೆ ಕೇಳಿಬರುತ್ತಿದ್ದುದು ‘ಜ್ಯೋತಿ’ ಚಿತ್ರಕ್ಕಾಗಿ ಬಪ್ಪಿ ಲಾಹಿರಿ ಸಂಯೋಜಿಸಿದ್ದ ಗೀತೆ, ಲತಾ ಮಂಗೇಶ್ಕರ್ ಅವರ ಕಂಠ. ಅನುಮತಿ ಹಾಗಿರಲಿ, ಲಾಹಿರಿಯವರ ಹೆಸರನ್ನು ಕೂಡ ಹಾಕಿರಲಿಲ್ಲ. ಹೆಸರು ಹಾಕುವ ತನಕ ಮಾರಾಟ ನಿಲ್ಲಿಸಿರೆಂದು ಅಲ್ಲಿನ ನ್ಯಾಯಾಲಯವೇ ಹೇಳಬೇಕಾಯಿತು. ಅದಕ್ಕೂ ಮೊದಲು, 1991ರಲ್ಲಿ, ಇನ್ನೊಬ್ಬರ ಹಾಡಿನ ಚೂರನ್ನು ಅನುಮತಿಯಿಲ್ಲದೆ ಬಳಸಿದ ಬಿಜ್ ಮಾರ್ಕಿ ಎಂಬ ರ‍್ಯಾಪರ್‌ನ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರೊಬ್ಬರು ‘ಕದಿಯಬಾರದು’ ಎಂಬ ಬೈಬಲ್ಲಿನ ಆಜ್ಞೆಯಿಂದಲೇ ತೀರ್ಪನ್ನು ಆರಂಭಿಸಿದ್ದರು. ನಮ್ಮ ಅಭಿಮಾನಿಗಳ ಲೆಕ್ಕದಲ್ಲಿ ಇವರೆಲ್ಲ ರಸಿಕತೆಯ ಗಂಧವಿಲ್ಲದವರು. ನಾವೇ ಕೊರಳು ಕೊಟ್ಟು ಧನ್ಯರಾಗಿರುವಾಗ ನಡುವೆ ಇವರದೇನು ತಕರಾರು?

1973ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹಿಪ್‌ಹಾಪ್‌ನ ಮೂಲಪುರುಷನೆನಿಸಿದ ಡಿಜೆ ಕೂಲ್ ಹರ್ಕ್ ಒಂದೇ ಹಾಡಿನ ಎರಡು ಗ್ರಾಮಫೋನ್ ಪ್ಲೇಟುಗಳನ್ನು ಅಕ್ಕಪಕ್ಕ ತಿರುಗಿಸಿ, ಡ್ರಮ್ಮಿನ ಭಾಗವನ್ನಷ್ಟೇ ಹಿಗ್ಗಿಸಿ ಜನರನ್ನು ಕುಣಿಸಿದ ಜಾಣ್ಮೆಯನ್ನು ಹಂಗಿಸುವ ಉದ್ದೇಶ ನನಗಿಲ್ಲ. ವಾದ್ಯ ಕೊಳ್ಳಲು ಕಾಸಿಲ್ಲದವರು ಪ್ಲೇಟನ್ನೇ ವಾದ್ಯವಾಗಿಸಿಕೊಂಡದ್ದು ನಿಜವಾದ ಕಲೆ. ಆದರೆ ಅಂಥ ಡ್ರಮ್ ಬಾರಿಸಿದವನು ಏನಾದ? ದಿ ವಿನ್‌ಸ್ಟನ್ಸ್ ತಂಡದ ಗ್ರೆಗರಿ ಕೋಲ್ಮನ್ 1969ರಲ್ಲಿ ನುಡಿಸಿದ, ಸುಮಾರು ಏಳು ಸೆಕೆಂಡಿನ ‘ಅಮೆನ್ ಬ್ರೇಕ್’ ಎಂಬ ಡ್ರಮ್ಮಿನ ತುಣುಕು ಸಾವಿರಾರು ಹಾಡುಗಳಿಗೆ ಬೆನ್ನೆಲುಬಾಯಿತು. ಆತನಿಗೆ ಗೌರವಧನವೆಂದು ಒಂದು ಬಿಡಿಗಾಸೂ ಬರಲಿಲ್ಲ. 2006ರಲ್ಲಿ ತಲೆಯ ಮೇಲೆ ಸೂರೂ ಇಲ್ಲದೆ ತೀರಿಕೊಂಡ. ತಂಡದ ನಾಯಕ ರಿಚರ್ಡ್ ಸ್ಪೆನ್ಸರ್‌ಗೆ ಅಭಿಮಾನಿಗಳು ಚಂದಾ ಎತ್ತಿ ಸುಮಾರು 24,000 ಪೌಂಡ್ ಕೊಟ್ಟದ್ದು 2015ರಲ್ಲಿ.

ಇದೇ ಊರಿನ ಅರಸರಾಗಿದ್ದ ಜಯಚಾಮರಾಜ ಒಡೆಯರ್ 1940ರ ದಶಕದಲ್ಲಿ, ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ತಮ್ಮ ಖರ್ಚಿನಲ್ಲಿ ಪ್ಲೇಟು ಮಾಡಿಸಿದ್ದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಅರಸರಿಗೇ ಅರ್ಪಿಸಿದರು. ಸಂಗೀತ ಇಷ್ಟವಾದರೆ ಸಂಗೀತಗಾರನಿಗೆ ಹಣ ಕೊಡುವ ಇಂಥ ದುರಭ್ಯಾಸವನ್ನು ಪ್ರಜಾಪ್ರಭುತ್ವದಲ್ಲಿ ನಾವು ಬಿಟ್ಟೆವು. ತಾತನ ಪ್ಲೇಟುಗಳನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿ, ಮದುವೆಯ ವಾದ್ಯಗೋಷ್ಠಿಯ ತಬಲದವನ ಜೊತೆ ಸಂಭಾವನೆಗೆ ಚೌಕಾಸಿ ಮಾಡಿ, ಅಂಥದೇ ತಬಲದ ಚೂರು ಲಾಸ್ ಏಂಜಲೀಸಿನಿಂದ ಹಿಂತಿರುಗಿ ಬಂದಾಗ ರೋಮಾಂಚನಗೊಳ್ಳುವುದನ್ನು ಕಲಿತೆವು.

ಆದ್ದರಿಂದ ಯುವ ದಸರಾದ ವೇದಿಕೆಯಲ್ಲಿ ‘ಕಳವು ಕಲಾರತ್ನ’ ಪ್ರಶಸ್ತಿಯೊಂದನ್ನು ಸ್ಥಾಪಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ. ಎರಡು ಸೆಕೆಂಡು ಎತ್ತಿದವರಿಗೆ ಶಾಲು, ಪಲ್ಲವಿ ಎತ್ತಿದವರಿಗೆ ಮೈಸೂರು ಪೇಟ, ಇಡೀ ಹಾಡನ್ನೇ ಹೊತ್ತೊಯ್ದವರಿಗೆ ಅಂಬಾರಿಯ ಪ್ರತಿಕೃತಿ ಸಲ್ಲಲಿ. ಪತ್ತೆಹಚ್ಚಿದ ಅಭಿಮಾನಿಗಳಿಗೆ ಮುಂದಿನ ಸಾಲಿನ ಪಾಸು ಇದ್ದೇ ಇರುತ್ತದೆ. ಮೂಲ ಹಾಡಿಗೆ ತಬಲ ನುಡಿಸಿದವರನ್ನೂ ಸನ್ಮಾನಿಸಬೇಕೆಂದು ಯಾರಾದರೂ ಹಟ ಹಿಡಿದರೆ, ಪ್ಲೇಟಿನ ಲಕೋಟೆಯ ಮೇಲೆ ಅವರ ಹೆಸರು ಅಚ್ಚಾಗಿಲ್ಲವೆಂಬ ಕಾರಣವನ್ನು ನಡಾವಳಿಯಲ್ಲಿ ದಾಖಲಿಸಿ, ಅವರ ಪಾಲಿನ ಹಣ್ಣಿನ ಬುಟ್ಟಿಯನ್ನು ಸ್ವಾಗತ ಸಮಿತಿಯ ಅಧ್ಯಕ್ಷರೇ ಮನೆಗೆ ಒಯ್ಯತಕ್ಕದ್ದು.