ಜಗಳ ನೋಡಿದ್ದು ಸಾಕು, ಅಗ್ರಿಮೆಂಟ್ ನೋಡಿ

ಶನಿವಾರದಿಂದ ಸಿಟ್ಟು ಇಳಿದಿಲ್ಲ. ಒಂದು ಕಾಲೇಜಿನ ಕಾರ್ಯಕ್ರಮಕ್ಕೆ ಹೋಗಿದ್ದೆ. ಯಾವ ಕಾಲೇಜು, ಮಾತಾಡಿದವರು ಯಾರು ಅನ್ನೋದು ಇಲ್ಲಿ ಬೇಡ. ವಿಷಯ "ಹಿಪ್‌ಹಾಪ್ ಕಲಿಸುವ ಉದ್ಯಮಶೀಲತೆ". ಆ ಹೆಸರು ನೋಡಿಯೇ ಆಸೆಪಟ್ಟು ಹೋದೆ. ನನ್ನ ಹುಚ್ಚು ನಿಮಗೆ ಗೊತ್ತಿದ್ದದ್ದೇ: ಹಗಲು ಜಿಎಸ್‌ಟಿ ರಿಟರ್ನ್ಸ್, ರಾತ್ರಿ ಅಮೆರಿಕದ ರ‍್ಯಾಪರ್ ನಾಸ್‌ನ ಹಾಡು. ಪರದೆ ಮೇಲೆ ಅಲ್ಲಿನ ರ‍್ಯಾಪರ್‌ಗಳಾದ ಜೇ-ಝೀ, ಡಾ. ಡ್ರೆ, 50 ಸೆಂಟ್ ಫೋಟೊಗಳು, ಕೆಳಗೆ ಡಾಲರ್ ಲೆಕ್ಕ. ಭಾಷಣದ ಸಾರ ಇಷ್ಟು: ದೊಡ್ಡ ಕನಸು ಕಾಣಿ, ಒಬ್ಬ ಎದುರಾಳಿಯನ್ನ ಆರಿಸಿಕೊಳ್ಳಿ, ನಾಲ್ಕು ಜನರ ಎದುರು ಅವನನ್ನ ಕೆಣಕಿ, ಜನ ತಿರುಗಿ ನೋಡ್ತಾರೆ, ದುಡ್ಡು ಹಿಂದೇನೇ ಬರುತ್ತೆ. ಸಭಾಂಗಣದ ತುಂಬ ಮಕ್ಕಳು ಸಿಳ್ಳೆ ಹೊಡೆದು ಚಪ್ಪಾಳೆ ತಟ್ಟಿದರು.

ಅಷ್ಟು ಹೊತ್ತಿನಲ್ಲಿ ಮಾಸ್ಟರ್ ರೆಕಾರ್ಡಿಂಗ್ ಬಗ್ಗೆ ಒಂದು ಮಾತಿಲ್ಲ. ಹಾಡಿನ ಮೂಲ ರೆಕಾರ್ಡಿಂಗ್ ಯಾರ ಹೆಸರಲ್ಲಿದೆ, ದುಡ್ಡು ಮೊದಲು ಯಾರ ಖಾತೆಗೆ ಬೀಳುತ್ತೆ, ಹತ್ತು ವರ್ಷ ಕಳೆದ ಮೇಲೆ ಆ ಹಾಡು ಯಾರದು. ಹಿಪ್‌ಹಾಪಿನ ವ್ಯಾಪಾರ ಅಂದ್ರೆ ಇದೇ. ಇದನ್ನ ಬಿಟ್ಟು ಉಳಿದದ್ದೆಲ್ಲ ಹೇಳಿದರೆ ಆ ಮಕ್ಕಳಿಗೆ ದಾರಿ ತಪ್ಪಿಸಿದ ಹಾಗೆ.

2024ರಲ್ಲಿ ರ‍್ಯಾಪರ್‌ಗಳಾದ ಕೆಂಡ್ರಿಕ್ ಲಮಾರ್ ಮತ್ತು ಡ್ರೇಕ್ ಹಾಡಿನಲ್ಲೇ ಬೈದಾಡಿಕೊಂಡಾಗ ನನ್ನ ಇದೇ ಗೋಡೆಯ ಮೇಲೆ ನಾವೆಲ್ಲ ಎಷ್ಟು ಕಿತ್ತಾಡಿದೆವು ನೆನಪಿದೆಯಾ? ಮೇ 4ಕ್ಕೆ ಡ್ರೇಕ್‌ಗೆ ಬೈದ ಕೆಂಡ್ರಿಕ್ ಹಾಡು 'ನಾಟ್ ಲೈಕ್ ಅಸ್' ಬಂತು. ಮುಂದಿನ ಫೆಬ್ರವರಿಯಲ್ಲಿ ಅದಕ್ಕೆ ಐದು ಗ್ರ್ಯಾಮಿ, ಅದಾದ ವಾರಕ್ಕೆ ನ್ಯೂ ಆರ್ಲಿನ್ಸ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಫೈನಲ್ ಆದ ಸೂಪರ್ ಬೌಲ್‌ನ ವೇದಿಕೆ. ಡ್ರೇಕ್ ಸೋತ ಅಂತ ಊರೆಲ್ಲ ಡಂಗುರ. ಆದರೆ ಡ್ರೇಕ್ ಹಾಡುಗಳು ಬರೋದು ರಿಪಬ್ಲಿಕ್ ರೆಕಾರ್ಡ್ಸ್‌ನಿಂದ, ಕೆಂಡ್ರಿಕ್‌ನದು ಇಂಟರ್‌ಸ್ಕೋಪ್‌ನಿಂದ, ಎರಡೂ ಯೂನಿವರ್ಸಲ್ ಮ್ಯೂಸಿಕ್ ಗ್ರೂಪಿಗೆ ಸೇರಿದವು. ಯಾರು ಯಾರಿಗೆ ಬೈದರೂ ಕಂಪನಿಯ ಪಾಲು ಹೋಗಿದ್ದು ಒಂದೇ ಮನೆಗೆ. 2025ರ ಜನವರಿಯಲ್ಲಿ ಡ್ರೇಕ್ ಮಾನನಷ್ಟದ ಕೇಸು ಹಾಕಿದಾಗ ಪ್ರತಿವಾದಿ ಕೆಂಡ್ರಿಕ್ ಆಗಿರಲಿಲ್ಲ, ಯೂನಿವರ್ಸಲ್ ಆಗಿತ್ತು. ಅಕ್ಟೋಬರಿನಲ್ಲಿ ಕೋರ್ಟ್ ಅದನ್ನ ವಜಾ ಮಾಡಿತು. ಜನ ನಕ್ಕರು, ನನಗೆ ನಗು ಬರಲಿಲ್ಲ. ಕೇಸು ದುರ್ಬಲವೇ ಇರಬಹುದು, ಆದರೆ ಲಾಭ ಯಾರಿಗೆ ಹೋಯ್ತು ಅನ್ನೋ ಪ್ರಶ್ನೆ ಕೋರ್ಟಿನ ಕಾಗದದ ಮೇಲೆ ಎಲ್ಲರ ಕಣ್ಣಿಗೂ ಬಿತ್ತು. ಕೆಂಡ್ರಿಕ್ ಅಂತೂ ಅಷ್ಟರಲ್ಲಿ ತನ್ನ ಮನೆ ಭದ್ರ ಮಾಡಿಕೊಂಡಿದ್ದ. 2024ರ ನವೆಂಬರಿನಲ್ಲಿ ಬಂದ ಅವನ ಆಲ್ಬಂ 'ಜಿಎನ್‌ಎಕ್ಸ್' ಅವನದೇ ಸಂಸ್ಥೆ ಪಿಜಿಲ್ಯಾಂಗ್‌ನದು, ಇಂಟರ್‌ಸ್ಕೋಪ್‌ಗೆ ಇರೋದು ಲೈಸೆನ್ಸ್ ಮಾತ್ರ. ನನ್ನ ಕಣ್ಣಿಗೆ ಗೆಲುವು ಅಂದ್ರೆ ಅದು. ಅದರ ಬಗ್ಗೆ ಮೀಮ್ ಮಾಡಿದವರು ಯಾರೂ ಇಲ್ಲ.

ಹಿಪ್‌ಹಾಪಿಗೆ ವ್ಯಾಪಾರ ಆಮೇಲೆ ಅಂಟಿಕೊಂಡಿತು ಅನ್ನೋರಿಗೂ ಒಂದು ಮಾತು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ 1520 ಸೆಡ್ಜ್‌ವಿಕ್ ಅವೆನ್ಯೂದ ಅಪಾರ್ಟ್‌ಮೆಂಟ್ ಕಟ್ಟಡದಲ್ಲಿ ಒಂದು ಪಾರ್ಟಿ ಆಯ್ತು, ಹಿಪ್‌ಹಾಪಿನ ಹುಟ್ಟುಹಬ್ಬ ಅಂತ ಲೋಕ ಆಚರಿಸೋದು ಅದನ್ನೇ. ಎಲ್ಲರೂ ಹೇಳೋದು ಟರ್ನ್‌ಟೇಬಲ್ ಹಿಂದೆ ನಿಂತ ಡಿಜೆ ಕೂಲ್ ಹರ್ಕ್ ಹೆಸರು. ಆ ಪಾರ್ಟಿ ಏರ್ಪಡಿಸಿದ್ದು ಅವನ ತಂಗಿ ಸಿಂಡಿ ಕ್ಯಾಂಪ್‌ಬೆಲ್. ಶಾಲೆ ಶುರುವಾಗೋ ಹೊತ್ತಿಗೆ ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ. ಜಾಗ ಅವಳು ಹಿಡಿದಳು, ಟಿಕೆಟ್ ದರ ಅವಳು ಇಟ್ಟಳು, ದುಡ್ಡು ಅವಳ ಕೈಗೆ ಬಂತು. ಈ ಕಲೆಯ ಮೊದಲ ಉದ್ಯಮಿ ಒಬ್ಬಳು ಶಾಲಾ ಹುಡುಗಿ, ಅವಳು ಯಾರನ್ನೂ ಕೆಣಕಲಿಲ್ಲ. ಆ ಹೆಸರು ಶನಿವಾರದ ಪರದೆಯ ಮೇಲೆ ಇರಲೇ ಇಲ್ಲ.

ಇನ್ನೊಂದು ಹೆಸರೂ ಇರಲಿಲ್ಲ, ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್. 1979ರಲ್ಲಿ ಸಿಲ್ವಿಯಾ ರಾಬಿನ್ಸನ್ ಎಂಬ ಗಾಯಕಿ ನ್ಯೂ ಜೆರ್ಸಿಯಲ್ಲಿ ಶುಗರ್ ಹಿಲ್ ರೆಕಾರ್ಡ್ಸ್ ಕಟ್ಟಿ 'ರ‍್ಯಾಪರ್ಸ್ ಡಿಲೈಟ್' ಹೊರತಂದರು. ರ‍್ಯಾಪ್ ಜಗತ್ತಿಗೆ ಕೇಳಿಸಿದ್ದೇ ಆ ಹಾಡಿನಿಂದ. ಅದರಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ಎಂಬಾತ ಹಾಡಿದ ಸಾಲುಗಳು ಕ್ಯಾಜ್ ಬರೆದದ್ದು. ಕ್ಯಾಜ್‌ಗೆ ಹೆಸರೂ ಸಿಗಲಿಲ್ಲ, ದುಡ್ಡೂ ಸಿಗಲಿಲ್ಲ. ನೋಡಿ, ರ‍್ಯಾಪ್‌ನ ಮೊದಲ ದೊಡ್ಡ ಹಿಟ್ ಹಾಡಿನಲ್ಲೇ ಬರೆದವನೊಬ್ಬ, ಉಂಡವರೊಬ್ಬರು.

ನನಗೆ ಇದು ಎದೆಗೆ ತಾಗೋದಕ್ಕೆ ಕಾರಣ ಇದೆ. ನಮ್ಮಜ್ಜ ಗೇಣಿದಾರರು. ಬಿತ್ತಿ ಬೆಳೆದದ್ದನ್ನ ಒಡೆಯರ ಕಣಕ್ಕೆ ಅಳೆದು ಉಳಿದದ್ದರಲ್ಲಿ ಸಂಸಾರ. 1974ರಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಬಂದಾಗ ಡಿಕ್ಲರೇಷನ್ ಹಾಕಿ ಆ ಹೊಲ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಪಹಣಿಯಲ್ಲಿ ಹೆಸರು ಬಂದ ಮೇಲೆ ಅವರ ನಡಿಗೆಯೇ ಬದಲಾಯಿತು ಅಂತ ಅಮ್ಮ ಈಗಲೂ ಹೇಳ್ತಾಳೆ. ಮಾಸ್ಟರ್ ಅಂದ್ರೆ ಆ ಪಹಣಿ. ಹಾಡುವವನು ಎಷ್ಟೇ ಚೆನ್ನಾಗಿ ಉಳಲಿ, ಹೆಸರು ಬೇರೆಯವರದಾದರೆ ಅವನು ಗೇಣಿದಾರನೇ.

ಅದಕ್ಕೇ ನನಗೆ ಮಾಸ್ಟರ್ ಪಿ ಅಂತ ಹೆಸರಿಟ್ಟುಕೊಂಡ ರ‍್ಯಾಪರ್ ಪರ್ಸಿ ಮಿಲ್ಲರ್ ಕಥೆ ಎಷ್ಟು ಸಲ ಹೇಳಿದರೂ ಸಾಲದು. ನ್ಯೂ ಆರ್ಲಿನ್ಸ್‌ನ ಬಡವರ ವಸತಿಯಲ್ಲಿ ಬೆಳೆದ ಈ ಮಿಲ್ಲರ್, ಅಜ್ಜನ ಸಾವಿಗೆ ಬಂದ ಪರಿಹಾರದಲ್ಲಿ 10,000 ಡಾಲರ್ ಹಿಡಿದು ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ ನೋ ಲಿಮಿಟ್ ಅನ್ನೋ ರೆಕಾರ್ಡ್ ಅಂಗಡಿ ತೆರೆದ. ಗಲ್ಲಾಪೆಟ್ಟಿಗೆ ಹಿಂದೆ ಕೂತವನಿಗೆ ಯಾವ ಕ್ಯಾಸೆಟ್ ಹೋಗುತ್ತೆ, ಯಾವುದು ಧೂಳು ತಿನ್ನುತ್ತೆ ಅಂತ ಗೊತ್ತಾಗುತ್ತೆ. ಆಮೇಲೆ ತನ್ನ ಕ್ಯಾಸೆಟ್ ತಾನೇ ಮಾಡಿ ಮಾರಿದ. 1996ರಲ್ಲಿ ಪ್ರಯಾರಿಟಿ ರೆಕಾರ್ಡ್ಸ್ ಜೊತೆ ಕೂತಾಗ ಅವನು ಕೇಳಿದ್ದು ವಿತರಣೆ ಮಾತ್ರ. ಮಾಸ್ಟರ್ ತನ್ನಲ್ಲೇ ಉಳಿಯಿತು, ಬಂದದ್ದರಲ್ಲಿ ನೂರಕ್ಕೆ 85 ತನಗೆ, 15 ಅವರಿಗೆ. ಎರಡು ವರ್ಷ ಬಿಟ್ಟು ನ್ಯೂ ಆರ್ಲಿನ್ಸ್‌ನದೇ ಕ್ಯಾಶ್ ಮನಿ ಸಂಸ್ಥೆಯ ಅಣ್ಣ-ತಮ್ಮಂದಿರೂ ಯೂನಿವರ್ಸಲ್ ಜೊತೆ 3 ಕೋಟಿ ಡಾಲರಿನ ಒಪ್ಪಂದ ಮಾಡಿ ಮಾಸ್ಟರ್ ತಮ್ಮಲ್ಲೇ ಇಟ್ಟುಕೊಂಡರು. ಒಂದೇ ಊರಿನ ಎರಡು ಸಂಸ್ಥೆಗಳ ನಡುವಿನ ಪೈಪೋಟಿ ಅಂದ್ರೆ ಹೀಗಿರಬೇಕು. ಒಬ್ಬನ ಅಗ್ರಿಮೆಂಟ್ ನೋಡಿ ಇನ್ನೊಬ್ಬ ಅದಕ್ಕೆ ಕಡಿಮೆ ಇಲ್ಲದ್ದನ್ನ ಕೇಳಬೇಕು.

ಕಾಮೆಂಟಿನಲ್ಲಿ ಏನು ಬರುತ್ತೆ ಗೊತ್ತು. "ಮೇಡಂ, ಜಗಳ ಇಲ್ಲದಿದ್ದರೆ ಕಲೆ ಇಷ್ಟು ಹರಿತ ಆಗ್ತಿತ್ತಾ?" ಆಗ್ತಿರಲಿಲ್ಲ, ಒಪ್ಪಿದೆ. 2001ರಲ್ಲಿ ಜೇ-ಝೀ ನಾಸ್‌ಗೆ ಬೈದು 'ಟೇಕೋವರ್' ಹಾಡದಿದ್ದರೆ ನಾಸ್ ಉತ್ತರವಾಗಿ 'ಈಥರ್' ಬರೀತಿರಲಿಲ್ಲ. ನಾನು ಕ್ವೀನ್ಸ್‌ಬ್ರಿಡ್ಜ್ ಪಕ್ಷ, ಅಂದ್ರೆ ನಾಸ್ ಬೆಳೆದ ಬಡಾವಣೆಯ ಕಡೆ, ಸಾಯೋವರೆಗೂ ಅದೇ. ಆದರೆ ಆ ಜಗಳ ಎಲ್ಲಿ ಮುಗೀತು ನೋಡಿ. 2005ರ ಅಕ್ಟೋಬರಿನಲ್ಲಿ ನ್ಯೂ ಜೆರ್ಸಿಯ ಒಂದು ಸಂಗೀತ ಕಾರ್ಯಕ್ರಮದಲ್ಲಿ ಇಬ್ಬರೂ ಒಟ್ಟಿಗೆ ವೇದಿಕೆ ಹತ್ತಿದರು. ಮರುವರ್ಷ ನಾಸ್ ಡೆಫ್ ಜ್ಯಾಮ್ ಅನ್ನೋ ರೆಕಾರ್ಡ್ ಕಂಪನಿ ಸೇರಿದ. ಆಗ ಡೆಫ್ ಜ್ಯಾಮ್ ಅಧ್ಯಕ್ಷ ಯಾರು? ಜೇ-ಝೀ. ಆ ಹುದ್ದೆ ಒಪ್ಪಿಕೊಳ್ಳುವಾಗಲೇ ತನ್ನ ಮಾಸ್ಟರ್‌ಗಳು ಮುಂದೆ ತನಗೆ ಮರಳಬೇಕು ಅಂತ ಷರತ್ತು ಹಾಕಿದ್ದವನು. ಹಾಡಿನಲ್ಲಿ ಯಾರು ಗೆದ್ದರು ಅಂತ ನಾವು ಇಪ್ಪತ್ತು ವರ್ಷದಿಂದ ವಾದಿಸ್ತಾ ಇದ್ದೀವಿ. ಆ ಹೊತ್ತಿಗೆ ಜೇ-ಝೀ ಮೇಜಿನ ಆ ಕಡೆ, ಕಂಪನಿಯ ಕಡೆ, ಹೋಗಿ ಕೂತಾಗಿತ್ತು. ನಾಸ್ ಕೂಡ ಮುಂದೆ ಅದೇ ಪಾಠ ಕಲಿತ. ಕಾಯಿನ್‌ಬೇಸ್, ರಿಂಗ್ ತರಹದ ಟೆಕ್ ಕಂಪನಿಗಳು ಚಿಕ್ಕವಾಗಿದ್ದಾಗಲೇ ಪಾಲು ತಗೊಂಡ.

ಪಾಲು. ಪರದೆಯ ಮೇಲಿದ್ದ ಅಷ್ಟೂ ಜನರ ದುಡ್ಡಿನ ಮೂಲ ಅದೇ. ಡ್ರೆ 1996ರಲ್ಲಿ ತನ್ನ ಪಾಲು ಬಿಟ್ಟುಕೊಟ್ಟು ಡೆತ್ ರೋ ಅನ್ನೋ ರೆಕಾರ್ಡ್ ಕಂಪನಿಯಿಂದ ಹೊರಬಿದ್ದವನು. ಅವನು ಕುಬೇರನಾದದ್ದು ಬೀಟ್ಸ್ ಹೆಡ್‌ಫೋನ್ ಕಂಪನಿಯಲ್ಲಿ ಪಾಲಿದ್ದದ್ದಕ್ಕೆ, 2014ರಲ್ಲಿ ಆ್ಯಪಲ್ ಅದನ್ನ 300 ಕೋಟಿ ಡಾಲರ್ ಕೊಟ್ಟು ಕೊಂಡದ್ದಕ್ಕೆ. 50 ಸೆಂಟ್ ವಿಟಮಿನ್‌ವಾಟರ್ ಜಾಹೀರಾತಿಗೆ ಪಾಲು ಕೇಳಿ ಪಡೆದಿದ್ದ, 2007ರಲ್ಲಿ ಆ ಕಂಪನಿಯನ್ನ ಕೋಕಾ-ಕೋಲಾ 410 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವನಿಗೂ ಕಾನ್ಯೆ ವೆಸ್ಟ್‌ಗೂ ಆಲ್ಬಂ ಮಾರಾಟದ ಪಂದ್ಯ ನಡೆದು, ಅದರಲ್ಲಿ ಅವನು ಸೋತ. ಸೋತದ್ದು ಎಲ್ಲರಿಗೂ ನೆನಪಿದೆ, ಆ ಪಾಲು ಯಾರಿಗೂ ನೆನಪಿಲ್ಲ.

ಜಗಳವನ್ನೇ ಬಂಡವಾಳ ಮಾಡಿದರೆ ಏನಾಗುತ್ತೆ ಅನ್ನೋದನ್ನೂ ಆ ಮಕ್ಕಳಿಗೆ ಹೇಳಬೇಕಿತ್ತು. ಹಾಡಿನಲ್ಲಿ ಕಿತ್ತಾಡಿದ ರ‍್ಯಾಪರ್‌ಗಳಾದ ಟುಪಾಕ್, ಬಿಗಿ ಇಬ್ಬರೂ ಗುಂಡಿಗೆ ಬಲಿಯಾದರು. ಟುಪಾಕ್ 1996ರ ಸೆಪ್ಟೆಂಬರಿನಲ್ಲಿ ಸತ್ತಾಗ ವಯಸ್ಸು 25. ಬಿಗಿ 1997ರ ಮಾರ್ಚಿನಲ್ಲಿ ಸತ್ತಾಗ 24. ಜೈಲಿನಲ್ಲಿದ್ದ ಟುಪಾಕ್‌ಗೆ 14 ಲಕ್ಷ ಡಾಲರ್ ಜಾಮೀನು ಆಗಬೇಕಿದ್ದ ಹೊತ್ತಿನಲ್ಲಿ ಅವನ ಕೈಗೆ ಬಂದದ್ದು ಡೆತ್ ರೋ ಅಗ್ರಿಮೆಂಟ್. ಕಂಬಿ ಹಿಂದೆ ಕೂತವನು ಯಾವ ಷರತ್ತಿಗೆ ಬೇಡ ಅಂತಾನೆ? ಇದನ್ನ ಬರೆಯುವಾಗ ಈಗಲೂ ನನ್ನ ಕಣ್ಣು ತುಂಬುತ್ತೆ. ಆ ಎರಡು ಸಾವುಗಳನ್ನ ಈಗ ಯಾರೋ "ಮಾರ್ಕೆಟಿಂಗ್ ಕೇಸ್ ಸ್ಟಡಿ" ಅಂದಾಗ ನನಗೆ ಎದ್ದು ಕೂಗಬೇಕು ಅನ್ನಿಸಿತು.

ಮತ್ತೆ ಒಂದು ವಾದ: ಕಂಪನಿಗಳು ದುಡ್ಡು ಹಾಕ್ತವೆ, ನಷ್ಟದ ಭಯ ಅವರದು, ಲಾಭ ತಗೊಂಡರೆ ತಪ್ಪೇನು. ಇದಕ್ಕೆ ಉತ್ತರ ಕೊಡೋದು ನನ್ನ ಕೆಲಸದ ಭಾಗವೇ, ಹಾಗಾಗಿ ಲೆಕ್ಕ ಹಾಕಿ ತೋರಿಸ್ತೀನಿ. ಹಳೇ ಪದ್ಧತಿಯ ಒಂದು ಒಪ್ಪಂದ ತಗೊಳ್ಳಿ. 10 ಲಕ್ಷ ಮುಂಗಡ, ರಾಯಲ್ಟಿ ನೂರಕ್ಕೆ 15. ಮುಂಗಡ ತೀರೋದು ಹಾಡುಗಾರನ ಆ 15ರ ಪಾಲಿನಿಂದ. ಅಂದ್ರೆ 10 ಲಕ್ಷ ತೀರಬೇಕಾದರೆ ಹಾಡು ಸುಮಾರು 67 ಲಕ್ಷ ದುಡಿಯಬೇಕು. ಆ ದಿನ ಕಂಪನಿ ಕೈಗೆ 67 ಲಕ್ಷ ಬಂದಿರುತ್ತೆ, ಆ ಮುಂಗಡ ಬಿಟ್ಟರೆ ಹಾಡುಗಾರನ ಖಾತೆಯಲ್ಲಿ ಸೊನ್ನೆ ಇರುತ್ತೆ. ಸ್ಟುಡಿಯೋ ಖರ್ಚು, ವಿಡಿಯೋ ಖರ್ಚು ಅವನ ತಲೆಗೇ ಕಟ್ಟಿದ್ದರೆ ಸೊನ್ನೆಗೆ ಬರೋದೂ ಇನ್ನೂ ದೂರ. ಬ್ಯಾಂಕಿನ ಸಾಲ ತೀರಿದರೆ ಮನೆ ಪತ್ರ ವಾಪಸ್ ಕೊಡ್ತಾರೆ. ಇಲ್ಲಿ ಮುಂಗಡ ಪೂರ್ತಿ ತೀರಿದ ಮೇಲೂ ಮಾಸ್ಟರ್ ಕಂಪನಿಯದೇ.

ಇದೆಲ್ಲ ಅಮೆರಿಕದ ಕಥೆ ಅನ್ನೋರು ಸ್ವಲ್ಪ ಇಲ್ಲಿ ಕೇಳಿ. ಬೆಂಗಳೂರಿನಲ್ಲಿ ಬ್ರೋಧಾ ವಿ ತರಹದವರು ವರ್ಷಗಟ್ಟಲೆ ಹಾದಿ ಸವೆಸಿದ ಮೇಲೆ, 2024ರಲ್ಲಿ ಹನುಮಾನ್‌ಕೈಂಡ್‌ನ 'ಬಿಗ್ ಡಾಗ್ಸ್' ಲೋಕವನ್ನೇ ತಿರುಗಿ ನೋಡೋ ಹಾಗೆ ಮಾಡಿದ ಮೇಲೆ, ಕನ್ನಡದಲ್ಲಿ ರ‍್ಯಾಪ್ ಮಾಡೋ ಹುಡುಗರು ಓಣಿಗೊಬ್ಬರು ಇದ್ದಾರೆ. ನನ್ನ ಅಕ್ಕನ ಮಗ ಅವರಲ್ಲೊಬ್ಬ. ದಾವಣಗೆರೆಯಲ್ಲಿ ಕೂತು ಬರೀತಾನೆ, ಚೆನ್ನಾಗಿ ಬರೀತಾನೆ. ಕಳೆದ ವರ್ಷ ಫೋನ್ ಮಾಡಿ "ಚಿಕ್ಕಮ್ಮಾ, ಸೈನ್ ಮಾಡಿಬಿಟ್ಟೆ!" ಅಂದ. ಕಳಿಸು ಅಂದೆ. ಓದಿದೆ. ಹಾಡು, ಸಾಹಿತ್ಯ, ವೇದಿಕೆ ಹೆಸರು, ಮುಂದಿನ ಹಾಡುಗಳು, ಎಲ್ಲವೂ ಜಗತ್ತಿನಾದ್ಯಂತ, ಶಾಶ್ವತವಾಗಿ, ಈಗಿರುವ ಮತ್ತು ಮುಂದೆ ಬರಲಿರುವ ಎಲ್ಲ ಮಾಧ್ಯಮಗಳಲ್ಲಿ. ಬದಲಿಗೆ ಸಿಕ್ಕಿದ್ದು ಒಂದು ಸೆಕೆಂಡ್ ಹ್ಯಾಂಡ್ ಬೈಕಿನ ದುಡ್ಡು. ಅವತ್ತು ಅವನ ಖುಷಿ ನೋಡಿ ನನಗೆ ಬಾಯಿ ಬರಲಿಲ್ಲ. ಅವನ ಫೋನಿನಲ್ಲಿ ಮಾತ್ರ ಪಕ್ಕದ ಊರಿನ ಇನ್ನೊಬ್ಬ ರ‍್ಯಾಪರ್‌ಗೆ ಬೈದು ಬರೆದ ಹಾಡು ತಯಾರಿತ್ತು. ಆ ಇನ್ನೊಬ್ಬನೂ ಅದೇ ನಮೂನೆ ಕಾಗದಕ್ಕೆ ಸಹಿ ಹಾಕಿದ್ದ. ಎರಡು ಮಕ್ಕಳು ತಮ್ಮ ತಮ್ಮಲ್ಲೇ ಕಚ್ಚಾಡ್ತಾ ಇದ್ದಾರೆ, ಇಬ್ಬರ ಬೆಳೆಯೂ ಇನ್ಯಾರದೋ ಕಣಕ್ಕೆ.

ನಮ್ಮ ಕಾಯ್ದೆ ಇವರ ಪರ ಸ್ವಲ್ಪವಾದರೂ ನಿಂತಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅಗ್ರಿಮೆಂಟಿನಲ್ಲಿ ಅವಧಿ ಬರೆದಿಲ್ಲದಿದ್ದರೆ ಅದು ಐದು ವರ್ಷ ಅಂತಲೇ ಅರ್ಥ, ಪ್ರದೇಶ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. "ಶಾಶ್ವತ" ಅನ್ನೋ ಒಂದು ಪದ ಅಲ್ಲಿ ಕೂತಿರೋದು ಆ ರಕ್ಷಣೆಯನ್ನ ಕಿತ್ತುಕೊಳ್ಳೋದಕ್ಕೇ. 2012ರ ತಿದ್ದುಪಡಿಯಂತೂ ಸಾಹಿತ್ಯ ಬರೆದವರ, ಸಂಗೀತ ಮಾಡಿದವರ ರಾಯಲ್ಟಿ ಪಾಲನ್ನ ಕಂಪನಿ ಪೂರ್ತಿ ನುಂಗದ ಹಾಗೆ ತಡೆ ಹಾಕಿದೆ. ಬರೆಯೋರು ತಮ್ಮ ಪರವಾಗಿ ರಾಯಲ್ಟಿ ವಸೂಲಿ ಮಾಡೋ ಸಂಸ್ಥೆ ಐಪಿಆರ್‌ಎಸ್‌ನಲ್ಲಿ ಸದಸ್ಯರಾಗಬಹುದು. ಇದನ್ನ ಉದ್ಯಮಶೀಲತೆಯ ಭಾಷಣದಲ್ಲಿ ಹೇಳಬೇಡವಾ?

ಲಾಸ್ ಏಂಜಲೀಸ್‌ನ ರ‍್ಯಾಪರ್ ನಿಪ್ಸಿ ಹಸಲ್ 2013ರಲ್ಲಿ ತನ್ನ 'ಕ್ರೆನ್‌ಶಾ' ಮಿಕ್ಸ್‌ಟೇಪಿನ 1,000 ಪ್ರತಿ ಮಾಡಿಸಿ ಒಂದೊಂದಕ್ಕೆ 100 ಡಾಲರ್ ಇಟ್ಟ. ಇಂಟರ್‌ನೆಟ್ಟಿನಲ್ಲಿ ಅದು ಪುಕ್ಕಟೆ ಸಿಗ್ತಿತ್ತು. ಆದರೂ ಜನ ಕೊಂಡರು, ಜೇ-ಝೀ ಒಬ್ಬನೇ 100 ಪ್ರತಿ ಕೊಂಡ. ಒಬ್ಬ ಕಲಾವಿದ ಇನ್ನೊಬ್ಬನಿಗೆ ಕೊಟ್ಟ ಗೌರವ ಅದು, ದುಡ್ಡು ನೇರ ಮಾಡಿದವನ ಕೈಗೆ. ತಾನು ಬೆಳೆದ ಬೀದಿಯಲ್ಲೇ ಬಟ್ಟೆ ಅಂಗಡಿ ತೆರೆದ. 2019ರ ಮಾರ್ಚ್ 31ರಂದು ಆ ಅಂಗಡಿ ಮುಂದೆಯೇ ಅವನನ್ನ ಗುಂಡಿಟ್ಟು ಕೊಂದರು. ಮಹತ್ವಾಕಾಂಕ್ಷೆಗೆ ಒಂದು ಮುಖ ತೋರಿಸಬೇಕಾದರೆ ನಾನು ತೋರಿಸೋದು ಆ ಹುಡುಗನ ಮುಖ.

ಅಕ್ಕನ ಮಗನ ಅಗ್ರಿಮೆಂಟನ್ನ ವಕೀಲ ಗೆಳತಿಯೊಬ್ಬಳಿಗೆ ಕೊಟ್ಟಿದ್ದೀನಿ, ನೋಡ್ತಾ ಇದ್ದಾಳೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಕಾಲೇಜಿನಲ್ಲಿ ಹಾಡು ಬರೆಯೋ ಮಕ್ಕಳಿದ್ದರೆ, ಯಾರಾದರೂ ಅವರ ಮುಂದೆ ಕಾಗದ ಇಟ್ಟಿದ್ದರೆ, ಸಹಿ ಹಾಕೋ ಮುಂಚೆ ನನಗೆ ಇನ್‌ಬಾಕ್ಸ್ ಮಾಡಲಿ. ಭಾನುವಾರ ಬೆಳಿಗ್ಗೆ ಹೊತ್ತು ಇಟ್ಟಿದ್ದೀನಿ. ಫೀಸ್ ಬೇಡ. ಕಾಗದದ ಎಲ್ಲ ಪುಟಗಳ ಫೋಟೊ ಬೇಕು, ಕೊನೆಯ ಪುಟದ ಸಣ್ಣ ಅಕ್ಷರವೂ ಸೇರಿ.