ಹತ್ತು ಮೀಟರ್ ಓಣಿಯಲ್ಲಿ ಅಮ್ಮನ ಉಸಿರು ಅಳೆದರು

ನಿನ್ನೆಯಿಂದ ಸಿಟ್ಟು ಇಳಿದಿಲ್ಲ. ತೀರ್ಥಹಳ್ಳಿ ಕಡೆಯಿಂದ ಜಡಿಮಳೆಯಲ್ಲಿ ಬಸ್ ಹತ್ತಿಸಿ ಅಮ್ಮನನ್ನು ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಕರೆದೊಯ್ದದ್ದು ಆರು ನಿಮಿಷದ ನಡಿಗೆ ಪರೀಕ್ಷೆಗಾಗಿ. ಆರು ನಿಮಿಷದಲ್ಲಿ ರೋಗಿ ಎಷ್ಟು ದೂರ ನಡೆಯಬಲ್ಲರು, ನಡೆಯುವಾಗ ರಕ್ತದ ಆಮ್ಲಜನಕ ಎಷ್ಟಕ್ಕೆ ಇಳಿಯುತ್ತದೆ ಎಂದು ನೋಡುವುದು ಅದು.

ಅಮ್ಮನಿಗೆ 68 ವರ್ಷ. ಬೀಡಿ ಮುಟ್ಟಿದವಳಲ್ಲ. ಸೌದೆ ಒಲೆ, ಬಚ್ಚಲ ಒಲೆ, ಕೊಯ್ಲು ಬಂದರೆ ಅಡಿಕೆ ಬೇಯಿಸುವ ಹಂಡೆ, ಹೀಗೆ ನಲವತ್ತು ವರ್ಷ ಹೊಗೆಯ ಮುಂದೆ ಕೂತವಳು. ಈಗ ಸಿಒಪಿಡಿ, ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ, ಪೂರ್ತಿ ವಾಸಿಯಾಗದ ಕಾಯಿಲೆ. ಕೂತಿದ್ದರೆ ರಕ್ತದಲ್ಲಿ ಆಮ್ಲಜನಕ ಶೇಕಡಾ 96. ತೋಟದಿಂದ ಮನೆಯ ಏರು ಹತ್ತುವಾಗ ಮಾತೇ ಹೊರಡುವುದಿಲ್ಲ. ಕೂತಾಗ ಕಾಣದ್ದು ನಡೆದಾಗ ಕಾಣುತ್ತದೆ ಎಂದೇ ಅಲ್ಲವೇ ಈ ಪರೀಕ್ಷೆ ಇರುವುದು?

ನಡೆಸಿದ್ದು ಎಲ್ಲಿ? ಹೊರರೋಗಿಗಳು ಸಾಲುಗಟ್ಟಿದ್ದ ಓಣಿಯಲ್ಲಿ. ಉದ್ದ ಹತ್ತು ಮೀಟರ್. ಬೇಕಾದದ್ದು ಮೂವತ್ತು ಮೀಟರಿನ ಸಮತಟ್ಟಾದ ನೇರ ದಾರಿ. ಗಾಲಿ ಕುರ್ಚಿ, ಒದ್ದೆ ಛತ್ರಿ, ನಿಂತವರ ಕಾಲು ಎಲ್ಲವನ್ನೂ ತಪ್ಪಿಸುತ್ತ ಅಮ್ಮ ಹದಿನಾರು ಸಲ ತಿರುಗಿದಳು, ನಾನೇ ಎಣಿಸಿದೆ. ಪ್ರತಿ ತಿರುವಿನಲ್ಲೂ ನಡಿಗೆ ನಿಂತು ಮತ್ತೆ ಶುರುವಾಗಬೇಕು. "ಅಜ್ಜಿ, ಬೇಗ ಬೇಗ ನಡೆಯಿರಿ" ಎಂದು ಪರೀಕ್ಷೆ ನಡೆಸುತ್ತಿದ್ದ ಹುಡುಗಿ ಪಕ್ಕದಲ್ಲೇ ಹೆಜ್ಜೆ ಹಾಕುತ್ತ ಎಳೆದುಕೊಂಡು ಹೋದಂತೆ ಹೋದಳು. ರೋಗಿ ತನ್ನದೇ ವೇಗದಲ್ಲಿ ನಡೆಯಬೇಕು. ನಾಲ್ಕನೇ ನಿಮಿಷಕ್ಕೆ ಅಮ್ಮ ಗೋಡೆ ಹಿಡಿದು ನಿಂತಾಗ "ಸಾಕು, ಮುಗಿಯಿತು" ಎಂದು 170 ಮೀಟರ್ ಬರೆದುಬಿಟ್ಟಳು! ನಿಂತು ಸುಧಾರಿಸಿಕೊಳ್ಳಬಹುದು, ಗಡಿಯಾರ ಓಡುತ್ತಿರುತ್ತದೆ, ಆದಾಗ ಮತ್ತೆ ನಡೆಯಬಹುದು. ಇದನ್ನು ಅಮ್ಮನಿಗೆ ಒಂದು ಮಾತಿನಲ್ಲಿ ಹೇಳಿದವರಿಲ್ಲ. ಬೆರಳಿಗೆ ಆಮ್ಲಜನಕ ಅಳೆಯುವ ಚಿಮುಟವನ್ನೂ ಮೊದಲೊಮ್ಮೆ, ಕೊನೆಗೊಮ್ಮೆ ಸಿಕ್ಕಿಸಿದರು. ನಡುವೆ ಎಷ್ಟಕ್ಕೆ ಇಳಿಯಿತೋ, ದೇವರಿಗೇ ಗೊತ್ತು.

ಆ ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ಅವಳಿಗೆ ಯಾರೂ ಕಲಿಸಿಲ್ಲ. ಕೋಪ ಇರುವುದು ಆ ಚೀಟಿಯನ್ನು ವೇದವಾಕ್ಯವೆಂದು ಓದಿದವರ ಮೇಲೆ. ಕಳೆದ ವರ್ಷ ಬೇರೆ ಊರಿನಲ್ಲಿ, ಸರಿಯಾದ ಉದ್ದದ ದಾರಿಯಲ್ಲಿ, ನಡುವೆ ಒಮ್ಮೆ ಕೂತೆದ್ದು ಅಮ್ಮ 320 ಮೀಟರ್ ನಡೆದಿದ್ದಳು. ಅದರ ಪಕ್ಕ 170 ಇಟ್ಟು "ಕಾಯಿಲೆ ಬಹಳ ಮುಂದುವರಿದಿದೆ" ಎಂದರು, ಅದೂ ಅಮ್ಮನ ಎದುರಿಗೇ. ಮೂವತ್ತು ಮೀಟರಿನಷ್ಟು ವ್ಯತ್ಯಾಸಕ್ಕೇ ಅರ್ಥವಿರುವ ಪರೀಕ್ಷೆ ಇದು. ಹತ್ತು ಮೀಟರಿನ ಓಣಿಯ ಅಳತೆಯನ್ನು ಮೂವತ್ತು ಮೀಟರಿನ ದಾರಿಯ ಅಳತೆಯೊಂದಿಗೆ ತೂಗುವುದು ಯಾವ ನ್ಯಾಯ? ಎರಡನೇ ಸಲ ನಡೆದಾಗ ಅಭ್ಯಾಸದಿಂದಲೇ ದೂರ ಹೆಚ್ಚುತ್ತದೆ, ಆದ್ದರಿಂದ ಎರಡು ಸಲ ನಡೆಸಿ ಹೆಚ್ಚಿನದನ್ನು ಹಿಡಿಯಿರಿ ಎಂದು ಯುರೋಪ್ ಮತ್ತು ಅಮೆರಿಕದ ಶ್ವಾಸಕೋಶ ತಜ್ಞರ ಸಂಘಗಳು 2014ರಲ್ಲೇ ಹೇಳಿವೆ. ಕೇಳಿದ್ದಕ್ಕೆ "ಹೊರಗೆ ಎಷ್ಟು ಜನ ಇದ್ದಾರೆ ನೋಡಿ" ಎಂಬ ಉತ್ತರ ಬಂತು.

ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಮಂಡಗದ್ದೆ ದಾಟಿದ ಮೇಲೆ ಕೇಳಿದ್ದು ಒಂದೇ ಮಾತು: "ನಾನು ಸರಿಯಾಗಿ ನಡೆಯಲಿಲ್ಲವೇನೋ?"

ಮುಂದಿನ ಸೋಮವಾರ ಮತ್ತೆ ಬರಲು ಹೇಳಿದ್ದಾರೆ. ಅದೇ ಓಣಿಯಾದರೆ ಅಮ್ಮನನ್ನು ಒಂದು ಹೆಜ್ಜೆಯೂ ನಡೆಸಲು ಬಿಡುವುದಿಲ್ಲ.